ಕಿರಿಕಿರಿಯಣ್ಣ ಹಾಕಿದ ಗೋಲಿ

ನಮ್ಮ ಶೆಡ್ಡಿನಲ್ಲಿ ಎರಡು ಕಸುಬು. ಬಾಗಿಲ ಕಡೆಯ ಅರ್ಧ ನನ್ನದು. ಕಾರಿನ ಸೀಟುಗಳಿಗೆ ಕವರು ಹೊಲಿಯುತ್ತೇನೆ. ಒಳಗಿನ ಅರ್ಧ ಕಿರಿಕಿರಿಯಣ್ಣನದು. ಎಂಜಿನ್ನು, ಗೇರು, ಬ್ರೇಕು ಅವನು ಮುಟ್ಟುವುದಿಲ್ಲ, ಅದೆಲ್ಲ ಎದುರು ಸಾಲಿನ ಮೆಕ್ಯಾನಿಕ್ಕುಗಳ ಪಾಲು. ಡ್ಯಾಶ್‌ಬೋರ್ಡಿನೊಳಗೆ ಕಟಕಟ, ಸೀಟಿನಡಿ ಕಿರ್ ಕಿರ್, ಬಾಗಿಲಲ್ಲಿ ಗಡಗಡ ಅಂತ ತಲೆ ಕೆಟ್ಟು ಬರುವವರ ಗಾಡಿಗಳ ಬಾಯಿ ಮುಚ್ಚಿಸುವುದು ಮಾತ್ರ ಅವನ ಕೆಲಸ. ಅದಕ್ಕೇ ಆ ಹೆಸರು ಬಿತ್ತು. ಇಟ್ಟವಳು ನಾನೇ.

ಅವನ ಸಾಮಾನು ನೋಡಿದರೆ ನಗು ಬರುತ್ತದೆ. ಕಂಬಳಿಯಂಥ ದಪ್ಪ ಬಟ್ಟೆಯ ಪಟ್ಟಿಗಳು, ಸ್ಪಂಜು, ಮೇಣದ ತುಂಡು, ಪ್ಲಾಸ್ಟಿಕ್ಕಿನ ಒಂದು ಚಪ್ಪಟೆ ಸಟ್ಟುಗ, ಕಿವಿಗೆ ಆನಿಸಿಕೊಳ್ಳಲು ಒಂದು ಮರದ ಕೋಲು. ಸದ್ದು ಹುಡುಕುವಾಗ ಅವನು ಸ್ಟೀರಿಂಗ್ ಹಿಡಿಯುವುದಿಲ್ಲ. ಬೇರೆ ಯಾರೋ ಹಳ್ಳ ಬಿದ್ದ ರಸ್ತೆಯಲ್ಲಿ ಓಡಿಸಬೇಕು, ಇವನು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಉದ್ದಕ್ಕೆ ಮಲಗಿರುತ್ತಾನೆ. "ಎಡಕ್ಕೆ. ಇನ್ನೊಂದ್ಸಲ. ನಿಧಾನ. ಹಾಂ, ಬಂತು." ಅಷ್ಟೇ ಮಾತು. ಮೊದಲ ಸಲ ನೋಡಿದವರು ಯಾರನ್ನೋ ಆಸ್ಪತ್ರೆಗೆ ಸಾಗಿಸುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು.

ಹಾಗೆ ಓಡಿಸುತ್ತಿದ್ದವಳು ಅವನ ಹೆಂಡತಿ. ಹೆಂಗಸರಿಗೆ ಕಾರು ಕಲಿಸುವುದು ಅವಳ ಉದ್ಯೋಗ. ಒಂದು ಪುಟ್ಟ ಕೆಂಪು ಕಾರು ಇಟ್ಟುಕೊಂಡಿದ್ದಳು, ಪಕ್ಕದ ಸೀಟಿಗೂ ಒಂದು ಬ್ರೇಕು ಹಾಕಿಸಿದ್ದು. ನನಗೂ ಕಲಿಸಿದವಳು ಅವಳೇ. ನಾನು ಶೆಡ್ಡಿನ ಗೇಟಿಗೇ ಗುದ್ದಿದಾಗ, "ಹೋಗ್ಲಿ ಬಿಡು, ಗೇಟೇ ಅಡ್ಡ ಬಂತು" ಎಂದಳು. ಬಾಯಿ ತುಂಬ ಮಾತು, ಬಾಯಿ ತುಂಬ ನಗು. ಈ ಮೌನದ ಮುದ್ದೆಯ ಜೊತೆ ಅವಳು ಹೇಗೆ ಬಾಳಿದಳೋ!

ಮೌನದ ಮುದ್ದೆ ಅಂತ ಸುಮ್ಮನೆ ಹೇಳುತ್ತಿಲ್ಲ. ಹಗಲೆಲ್ಲ ಸದ್ದು ಕೇಳಿ ದಣಿದ ಕಿವಿಗೆ ಮನೆಯಲ್ಲಿ ಒಂದು ಚಮಚ ಬಿದ್ದರೂ ಆಗುತ್ತಿರಲಿಲ್ಲ. ಬಾಗಿಲ ತಿರುಗಣಿಗಳಿಗೆ ಎಣ್ಣೆ, ಕುರ್ಚಿಗಳ ಕಾಲಿಗೆ ಬಟ್ಟೆ, ಮಂಚದ ಸಂದಿಗಳಿಗೆ ಸ್ಪಂಜು. ಅವರ ಮನೆಗೆ ಹೋದರೆ ನನಗೆ ಕೆಮ್ಮಲಿಕ್ಕೂ ಹೆದರಿಕೆ. ಒಬ್ಬಳೇ ಮಗಳು. ಅಪ್ಪ ಬಂದ ಕೂಡಲೇ ತುದಿಗಾಲಲ್ಲಿ ನಡೆಯುವುದನ್ನು ಕಲಿತ ಕೂಸು ಅದು. ಶಾಲೆಯಲ್ಲಿ ಏನಾಯಿತು, ಯಾರು ಹೊಡೆದರು ಎಂಬುದೆಲ್ಲ ಅಮ್ಮನ ಕೆಂಪು ಕಾರಿನೊಳಗೆ, ಅಮ್ಮನ ಹತ್ತಿರವೇ. ಅಪ್ಪನಿಗೆ "ಊಟ ಆಯ್ತು", "ಹೋಗ್ಬರ್ತೀನಿ". ಬೆಳೆದು ದೊಡ್ಡವಳಾಗಿ, ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಹಿಡಿದು, ಊರಿನ ಆ ತುದಿಯಲ್ಲಿ ಮನೆ ಮಾಡಿದಳು.

ಅಮ್ಮ ತೀರಿಕೊಂಡಾಗ ಕೆಂಪು ಕಾರನ್ನು ಮಗಳು ತೆಗೆದುಕೊಂಡು ಹೋದಳು. ಅಪ್ಪ ಮಗಳ ನಡುವೆ ಇದ್ದ ಒಂದೇ ಸೇತುವೆ ಕುಸಿದಿತ್ತು. ಅವಳು ಫೋನು ಮಾಡುತ್ತಿದ್ದಳು. ಇವನು "ಹೂಂ" ಅನ್ನುತ್ತಿದ್ದ. ಫೋನಿನಲ್ಲಿ ಇಬ್ಬರೂ ಸುಮ್ಮನಿದ್ದರೆ ಅದೆಂಥ ಮಾತುಕತೆ? ಆಮೇಲೆ ಫೋನೂ ಅಪರೂಪವಾಯಿತು. ಇವನು ಮಧ್ಯಾಹ್ನ ಡಬ್ಬಿ ಬಿಚ್ಚಿ, ಎರಡು ತುತ್ತು ತಿಂದು, ಮುಚ್ಚಿಡುತ್ತಿದ್ದ. ಬೈದರೆ ಬೈಸಿಕೊಳ್ಳುತ್ತಿದ್ದ, ಅಷ್ಟೇ. ಕಣ್ಣೆದುರೇ ಮನುಷ್ಯ ಸವೆದು ಹೋಗುತ್ತಿದ್ದ.

ಭಾನುವಾರ ಶೆಡ್ಡಿಗೆ ರಜೆ, ಕೆಲಸ ಉಳಿದಿದ್ದರೆ ಮಾತ್ರ ಬರುತ್ತಿದ್ದೆವು. ಹಾಗೆ ಬಂದಿದ್ದ ಒಂದು ಭಾನುವಾರ ಕೆಂಪು ಕಾರು ಬಂದು ಶೆಡ್ಡಿನ ಮುಂದೆ ನಿಂತಿತು. "ಅಪ್ಪ, ಹಿಂದೆ ಏನೋ ಕಟಕಟ ಅಂತಿದೆ. ನೋಡ್ತೀಯಾ?"

ಸೀಟ್‌ಬೆಲ್ಟಿನ ಕೊಂಡಿ ಪ್ಲಾಸ್ಟಿಕ್ಕಿಗೆ ಬಡಿಯುತ್ತಿತ್ತು. ಗಾಡಿ ಗೇಟು ದಾಟುವಾಗಲೇ ಅವನಿಗೆ ಅದು ಗೊತ್ತಾಗಿತ್ತು ಎಂದು ನನಗೆ ಗೊತ್ತು. ಆದರೂ ಮಹಾರಾಯ ಹಿಂದಿನ ಸೀಟಿನಲ್ಲಿ ಮಲಗಿದ. ಮಗಳು ಓಡಿಸಿದಳು. ತಿರುಗಿ ಬರುವಾಗ ಮಧ್ಯಾಹ್ನ ಕಳೆದಿತ್ತು. "ಇನ್ನೂ ಸರಿಯಾಗಿ ಸಿಕ್ಕಿಲ್ಲ, ಮುಂದಿನ ವಾರ ಬಾ" ಎಂದ. ನಾನು ಸೂಜಿ ಬಾಯಲ್ಲಿಟ್ಟುಕೊಂಡು ನಗು ತಡೆದುಕೊಂಡೆ.

ಸೋಮವಾರ ಅವನ ಮುಖ ನೋಡಬೇಕಿತ್ತು. "ಅವಳಿಗೆ ಹಲ್ಲುನೋವಿತ್ತಂತೆ" ಎಂದ, ಲಾಟರಿ ಹೊಡೆದವನ ಹಾಗೆ. "ಕೀಳಿಸಿಬಿಟ್ಲಂತೆ. ಮಹಡಿ ಮೇಲಿನವರ ನಾಯಿ ಕಂಡ್ರೆ ಭಯವಂತೆ. ನಂಗೆ ಗೊತ್ತೇ ಇರ್ಲಿಲ್ಲ ನೋಡು, ಅವಳಿಗೆ ನಾಯಿ ಕಂಡ್ರೆ ಭಯ ಅಂತ."

ಅವಳು ಯಾಕೆ ಮಾತಾಡಿದಳು ಎಂದು ನಾನು ಯೋಚಿಸಿದ್ದೇನೆ. ಅಪ್ಪ ಹಿಂದೆ ಮಲಗಿದ್ದಾನೆ, ಮುಖ ಕಾಣುವುದಿಲ್ಲ, ಕೈಯಲ್ಲಿ ಅಮ್ಮನ ಸ್ಟೀರಿಂಗು. ಮಾತು ತಾನಾಗಿಯೇ ಬಂದಿರಬೇಕು. ಇವನಂತೂ ಕಿವಿಗೊಟ್ಟು ಕೇಳುವುದನ್ನು ಬಿಟ್ಟು ಜೀವನದಲ್ಲಿ ಇನ್ನೇನೂ ಕಲಿತವನಲ್ಲ.

ಆದರೆ ಒಂದು ಕೊಂಡಿಯನ್ನು ಎಷ್ಟು ವಾರ ಹುಡುಕುತ್ತಾರೆ? ಕೊನೆಗೆ ಬಟ್ಟೆ ಸುತ್ತಿ ಸದ್ದು ನಿಲ್ಲಿಸಲೇಬೇಕಾಯಿತು. ಅವಳು ಒಂದು ಸುತ್ತು ಹೋಗಿ ಬಂದು, "ಪಕ್ಕಾ ಹೋಗಿದೆ ಅಪ್ಪ. ಇನ್ನು ನಿಂಗೆ ತೊಂದ್ರೆ ಇಲ್ಲ" ಎಂದಳು. ಅವನ ಮುಖ ಬಾಡಿತು. "ಟೀ ಕುಡ್ಕೊಂಡು ಹೋಗು" ಎಂದ. ಅವಳು ನನ್ನ ಮೆಷಿನ್ನಿನ ಪಕ್ಕ ಬೆನ್ನು ತಿರುಗಿಸಿ ಕೂತು ಟೀ ಕುಡಿಯುತ್ತಿದ್ದಾಗ, ಅವನು ಕಾರಿನ ಬಾಗಿಲ ಪಕ್ಕ ಛಾವಣಿ ಹೊತ್ತ ಕಂಬದ ಪ್ಲಾಸ್ಟಿಕ್ ಹೊದಿಕೆಯನ್ನು ಸಟ್ಟುಗದಿಂದ ಎಬ್ಬಿಸಿದ. ಹಳೇ ಬೇರಿಂಗಿನ ಉಕ್ಕಿನ ಗೋಲಿಯೊಂದನ್ನು ಡಬ್ಬಿಯಿಂದ ಆರಿಸಿ, ಅಂಗಿಗೆ ಒರೆಸಿ, ಟೊಳ್ಳು ಕಂಬದೊಳಕ್ಕೆ ಹಾಕಿದ. ಹೊದಿಕೆ ಒತ್ತಿ ಕೂರಿಸಿದ. ನಾನು ನೋಡುತ್ತಿದ್ದೇನೆಂದು ಅವನಿಗೆ ತಿಳಿಯಿತು. ಕೈ ಮುಗಿಯುವವನಂತೆ ಒಮ್ಮೆ ನೋಡಿದ.

ಮುಂದಿನ ಭಾನುವಾರ ಅವಳು ಬಂದಳು. "ಅಪ್ಪ, ಈಗ ಬೇರೆ ಸದ್ದು. ತಿರುವಿನಲ್ಲಿ ಟಿಕ್ ಟಿಕ್ ಅಂತ ಏನೋ ಉರುಳತ್ತೆ."

"ಒಂದು ಬಾಯಿ ಮುಚ್ಚಿಸಿದ್ರೆ ಅದರ ಹಿಂದೆ ಇರೋದು ಕೇಳತ್ತೆ" ಎಂದ ಕಳ್ಳ. ಮಲಗಿದ.

ಆ ಕಾಲ ಅವನ ಪಾಲಿನ ಸುಗ್ಗಿ. ಪ್ರತಿ ಭಾನುವಾರ ಇಸ್ತ್ರಿ ಅಂಗಿ, ಬೋಳಿಸಿದ ಗಡ್ಡ. ಡಬ್ಬಿ ಖಾಲಿಯಾಗುತ್ತಿತ್ತು. ಲ್ಯಾಬಿನ ಸುದ್ದಿ, ಅವಳಿಗೆ ಯಾರೋ ಇಷ್ಟವಾಗಿ ಆಮೇಲೆ ಇಷ್ಟವಾಗದೇ ಹೋದ ಸುದ್ದಿ, ಅಮ್ಮ ಆಸ್ಪತ್ರೆಯಲ್ಲಿ ಕೊನೆಗೆ ಹೇಳಿದ ಮಾತು, ಎಲ್ಲ ಸೋಮವಾರ ನನಗೂ ಪಾಲು ಬರುತ್ತಿತ್ತು. ನನಗೂ ಖುಷಿಯೇ. ಆದರೆ ಆ ಗೋಲಿ ನನ್ನ ತಲೆಯಿಂದ ಹೋಗುತ್ತಿರಲಿಲ್ಲ.

"ಅಣ್ಣಾ, ಆ ಗೋಲಿ ತೆಗಿ" ಎಂದೆ ಒಂದು ದಿನ. "ಆ ಹುಡುಗಿ ವಾರವಿಡೀ ಆ ಸದ್ದು ಕೇಳ್ಕೊಂಡು ಓಡಾಡ್ತಾಳೆ. ನೀನು ಭಾನುವಾರ ಮಾತ್ರ ಕೇಳ್ತೀಯ."

"ತೆಗೆದ್ರೆ ಬರಲ್ವಲ್ಲ."

"ಬಾ ಅಂತ ಕರಿ. ಮಗಳು ತಾನೇ? ಸದ್ದಿಲ್ಲದಿದ್ರೂ ಬಾ ಅನ್ನು."

ಅವನು ಮರದ ಕೋಲನ್ನು ತಿರುಗಿಸುತ್ತ ಕೂತ. "ನಂಗೆ ಬರಲ್ಲ ಕಣೇ" ಎಂದ. ಇರಲಾರದೆ ಇರುವೆ ಬಿಟ್ಟುಕೊಂಡವನಿಗೆ ಇನ್ನೇನು ಹೇಳುವುದು?

ಅವಳ ಮಾತು ಕಮ್ಮಿಯಾಗತೊಡಗಿದ್ದನ್ನು ಮೊದಲು ಗಮನಿಸಿದ್ದೂ ಅವನೇ. "ಈ ವಾರ ಬರೀ ಸದ್ದಿನ ಬಗ್ಗೆನೇ ಕೇಳಿದ್ಲು" ಎಂದ. "'ನಿಜ ಹೇಳು ಅಪ್ಪ, ನಿಂಗೆ ಕೇಳಿಸ್ತಿದೆ ತಾನೇ?' ಅಂದ್ಲು. ಕೇಳಿಸ್ತಿದೆ ಅಂದೆ. 'ಎಲ್ಲಿಂದ ಬರ್ತಿದೆ ಅಂತ ಗೊತ್ತಾಗ್ತಿಲ್ವಾ?' ಅಂದ್ಲು. ಇಲ್ಲ ಅಂದೆ. ಗಾಡಿ ನಿಲ್ಸಿ ಸುಮ್ನೆ ನನ್ನೇ ನೋಡಿದ್ಲು."

ಆವತ್ತು ಅವಳನ್ನು ಬೀಳ್ಕೊಡುವಾಗ ನಾನೂ ನೋಡಿದ್ದೆ. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಕಾಯಿಲೆಯವರನ್ನು ನೋಡುವ ಹಾಗೆ ಅಪ್ಪನನ್ನು ನೋಡಿ, ಗಾಡಿಯ ಛಾವಣಿಯನ್ನು ಒಮ್ಮೆ ಸವರಿ, ಹೊರಟುಹೋದಳು.

ಅದು ಅವನನ್ನು ಅಲುಗಾಡಿಸಿತು. ವಾರವಿಡೀ ತಯಾರಿ ನಡೆಸಿದ. ತಂತಿಯ ತುದಿಗೆ ಅಯಸ್ಕಾಂತ ಕಟ್ಟಿ ಇಟ್ಟುಕೊಂಡ. ಹೊದಿಕೆ ಬಿಚ್ಚಿ ಗೋಲಿ ಎತ್ತಲು ಒಂದು ಲೋಟ ಟೀ ಆರುವಷ್ಟು ಹೊತ್ತು ಸಾಕು. ಕಷ್ಟವಿದ್ದದ್ದು ಮಾತಿನದು. ಅದನ್ನು ನನ್ನ ಮುಂದೆ ನಿಂತು ಅಭ್ಯಾಸ ಮಾಡಿದ, ನಾಟಕದ ಹುಡುಗನ ಹಾಗೆ.

"ಸದ್ದು ಹೋಯ್ತು. ಆದ್ರೂ... ಭಾನುವಾರ..."

"ಬಾ" ಎಂದೆ ನಾನು.

"ಬಾ" ಎಂದ ಅವನು, ನೆಲ ನೋಡಿಕೊಂಡು.

"ಮುಖ ನೋಡಿ ಹೇಳಪ್ಪ. ನೆಲ ಯಾವಾಗ್ಲೂ ಇಲ್ಲೇ ಇರತ್ತೆ."

ಭಾನುವಾರ ಕೆಂಪು ಕಾರು ಬರಲಿಲ್ಲ. ಅವನು ಸಂಜೆಯವರೆಗೂ ಗೇಟಿನ ಕಡೆ ಕಿವಿಯಿಟ್ಟು ಕೂತಿದ್ದ. ಫೋನು ಮಾಡು ಎಂದರೆ, "ಕೆಲ್ಸ ಇರತ್ತೆ ಪಾಪ" ಎಂದ.

ಎರಡು ದಿನ ಬಿಟ್ಟು ಮಧ್ಯಾಹ್ನ ನಾನು ದಾರ ಪೋಣಿಸುತ್ತಿದ್ದೆ. ತಲೆಯೆತ್ತಿದರೆ ಬಾಗಿಲಲ್ಲಿ ಬೆಳ್ಳನೆಯ ಹೊಸ ಕಾರು. ಬ್ಯಾಟರಿಯದು. ಬಂದದ್ದೇ ಗೊತ್ತಾಗಿರಲಿಲ್ಲ. ಅದರಿಂದ ಮಗಳು ಇಳಿದಳು.

"ಕೆಂಪಿ ಎಲ್ಲಿ?" ಎಂದ ಅವನು. ಆ ಗಾಡಿಯನ್ನು ಅವನ ಹೆಂಡತಿ ಕರೆಯುತ್ತಿದ್ದದ್ದು ಹಾಗೆ.

ಅವಳು ಅಪ್ಪನ ತೋಳು ಹಿಡಿದುಕೊಂಡಳು. ಅವಳು ಅವನನ್ನು ಮುಟ್ಟಿದ್ದನ್ನು ನಾನು ಅಂದೇ ಮೊದಲು ನೋಡಿದ್ದು. "ಅಪ್ಪ, ನಂಗೆ ಗೊತ್ತಾಯ್ತು. ನೀನು ಯಾಕೆ ಸುಮ್ಮನಿದ್ದೆ ಅಂತ."

ಅವನ ಬಣ್ಣ ಇಳಿದುಹೋಯಿತು.

"ನಿನ್ನ ಕಿವಿಗೆ ಸಿಗದ ಸದ್ದು ಅಂತ ಇದ್ಯಾ? ಚಿಕ್ಕೋಳಿದ್ದಾಗಿಂದ ನೋಡಿದೀನಿ. ನೀನು ಕಂಡುಹಿಡಿದಿದ್ದೆ. ಬಾಡಿನೇ ಬಿರುಕು ಬಿಟ್ಟಿದೆ, ಗಾಡಿ ಮುಗೀತು ಅಂತ ನಿಂಗೆ ಗೊತ್ತಿತ್ತು. ಅಮ್ಮನ ಗಾಡಿ ಅಂತ ಹೇಳೋಕೆ ಆಗ್ಲಿಲ್ಲ ನಿಂಗೆ. ನಮ್ಮ ಕಡೆ ಒಬ್ಬ ಮೆಕ್ಯಾನಿಕ್ಕಿಗೆ ತೋರಿಸ್ದೆ. 'ನಿಮ್ಮಪ್ಪಂಗೇ ಸಿಕ್ಕಿಲ್ಲ ಅಂದ್ರೆ ಕಂಬದ ಬೆಸುಗೆನೇ ಬಿಟ್ಟಿರ್ಬೇಕು, ಓಡಿಸ್ಬೇಡಿ, ಯಾರಿಗೂ ಮಾರಲೂಬೇಡಿ' ಅಂದ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯವನು ಆ ಮೆಕ್ಯಾನಿಕ್ಕು. ಬಿಚ್ಚಿ ಕೂಡ ನೋಡಿಲ್ಲ.

"ಶನಿವಾರ ಗುಜರಿಗೆ ಕೊಟ್ಟುಬಂದೆ" ಎಂದಳು. "ಎದುರಿಗೇ ನಿಂತಿದ್ದೆ ಅಪ್ಪ. ಮೆಷಿನ್ನಿಗೆ ಹಾಕಿ ಒತ್ತಿಬಿಟ್ರು. ನಿಂಗೆ ಆ ಸಂಕಟ ಬೇಡ ಅಂತ ನಾನೇ ಮುಗಿಸ್ದೆ." ಅವಳ ಕಣ್ಣು ತುಂಬಿತ್ತು. ಒರೆಸಿಕೊಂಡು ನಕ್ಕಳು. "ಇನ್ಮೇಲೆ ಭಾನುವಾರ ನಿಂಗೂ ರಜಾ."

ಅವನು ಹೊಸ ಕಾರಿನ ಸುತ್ತ ಒಂದು ಸುತ್ತು ಬಂದು, "ಒಂದ್ಸಲ ಓಡ್ಸು" ಎಂದ. ಹಿಂದಿನ ಬಾಗಿಲು ತೆಗೆದು, ಹೊಸ ಸೀಟಿನ ಮೇಲೆ ಉದ್ದಕ್ಕೆ ಮಲಗಿದ. ಅವಳು ನಗುತ್ತಲೇ ಕೂತು ಓಡಿಸಿದಳು. ಹಳ್ಳದ ರಸ್ತೆಗೇ ಹೋದರು. ನಾನು ಬಾಗಿಲಲ್ಲಿ ನಿಂತು, ದೇವರೇ, ಒಂದು ಸ್ಕ್ರೂ ಆದರೂ ಸಡಿಲವಿರಲಿ ಎಂದು ಬೇಡಿಕೊಂಡೆ.

ತಿರುಗಿ ಬಂದು ಇಳಿದಾಗ ಅವನ ಮುಖದಲ್ಲಿ ಏನೂ ಇರಲಿಲ್ಲ. ಅವಳು ಸೀಟ್‌ಬೆಲ್ಟು ಬಿಚ್ಚಿರಲಿಲ್ಲ. ಲ್ಯಾಬಿಗೆ ಹೊತ್ತಾಗಿತ್ತು. ಕಿಟಕಿ ಇಳಿಸಿ, "ಬರ್ಲಾ ಅಪ್ಪ?" ಎಂದಳು.

ನಾನು ಹಿಂದೆ ನಿಂತು ಮನಸ್ಸಿನಲ್ಲೇ ಕಿರುಚುತ್ತಿದ್ದೆ: ಹೇಳು, ಬಾ ಅನ್ನು, ವಾರವಿಡೀ ಹೇಳಿಕೊಂಡಿದ್ದೀಯಲ್ಲ. ಅವನು ಕಿಟಕಿಗೆ ಬಗ್ಗಿದ. ಅವಳ ಮುಖವನ್ನೇ ನೋಡಿದ.

"ಸದ್ದೇನೂ ಇಲ್ಲ ಅಲ್ವಾ?" ಎಂದ.

"ಇಲ್ಲಪ್ಪ."

"ಸಣ್ಣದೂ ಇಲ್ವಾ?"

"ಸಣ್ಣದೂ ಇಲ್ಲ. ನೀನೇ ಕೇಳಿದ್ಯಲ್ಲ" ಎಂದು ನಕ್ಕು, ಕೈಬೀಸಿ ಹೋದಳು.

ನನಗೆ ತಡೆಯಲಾಗಲಿಲ್ಲ. "ಬಾ ಅಂತ ಒಂದು ಮಾತು ಹೇಳೋಕೆ ನಿಂಗೇನು ಧಾಡಿ?" ಎಂದು ಕೂಗಾಡಿದೆ.

ಅವನು ಬೆಂಚಿನ ಮೇಲೆ ಕೂತಿದ್ದ. ಅಯಸ್ಕಾಂತದ ತಂತಿಯನ್ನು ಸುತ್ತಿ ಸುತ್ತಿ ಚಿಕ್ಕದು ಮಾಡುತ್ತಿದ್ದ. "ಹೇಗೆ ಕರೀಲಿ?" ಎಂದ. "ಎದುರಿಗೆ ಕೂತ್ರೆ ಒಂದಲ್ಲ ಒಂದಿನ ನಿಜ ಬಾಯಿಂದ ಬಂದುಬಿಡತ್ತೆ. ಏನೂ ಆಗಿರದ ಗಾಡೀನ, ಅವಳಮ್ಮನ ಗಾಡೀನ, ತನ್ನ ಕೈಯಾರೆ ಮುರಿಸಿ ಬಂದೆ ಅಂತ ಅವಳಿಗೆ ಗೊತ್ತಾಗ್ಬೇಕಾ? ನನ್ನ ಪಾಪ ನಂಗಿರ್ಲಿ. ಅವಳಿಗೆ ಬೇಡ."

ನಾನು ಹೋಗಿ ಟೀ ಮಾಡಿದೆ. ಅವನು ಕುಡಿಯಲಿಲ್ಲ.

ಮುಂದಿನ ಭಾನುವಾರ ಮರೆತುಹೋಗಿದ್ದ ಕತ್ತರಿ ತರಲೆಂದು ಶೆಡ್ಡಿಗೆ ಹೋದರೆ, ಬಾಗಿಲು ತೆರೆದಿತ್ತು. ಅವನು ಇಸ್ತ್ರಿ ಅಂಗಿ ಹಾಕಿ, ಗಡ್ಡ ಬೋಳಿಸಿಕೊಂಡು, ಬೆಂಚಿನ ಮೇಲೆ ಕೂತು ಬಟ್ಟೆಯ ಪಟ್ಟಿಗಳನ್ನು ಕತ್ತರಿಸುತ್ತಿದ್ದ.

"ಇವತ್ತು ಯಾರು ಬರ್ತಾರೆ ಅಂತ ತೆಗ್ದಿದೀಯ ಅಣ್ಣಾ?" ಎಂದೆ.

"ಹೊಸ ಗಾಡಿನೂ ಓಡ್ತಾ ಓಡ್ತಾ ಸಡಿಲ ಆಗತ್ತೆ" ಎಂದ. "ಪ್ಲಾಸ್ಟಿಕ್ ತಾನೇ. ಬಿಸಿಲಿಗೆ ಒಣಗತ್ತೆ."

ಈಗಿನ ಗಾಡಿಗಳನ್ನು ಹೇಗೆ ಕಟ್ಟುತ್ತಾರೆಂದು ನನಗಿಂತ ಅವನಿಗೆ ಚೆನ್ನಾಗಿ ಗೊತ್ತು. ಅದು ಸಡಿಲವಾಗಿ ಸದ್ದು ಮಾಡುವ ಹೊತ್ತಿಗೆ ಅವನು ಇರುವುದಿಲ್ಲ, ಅದೂ ಅವನಿಗೆ ಗೊತ್ತು. ನಾನು ಕತ್ತರಿ ತೆಗೆದುಕೊಂಡೆ. ಮನೆಗೆ ಹೋಗಲಿಲ್ಲ. ಸ್ಟೂಲು ಎಳೆದುಕೊಂಡು ಅವನ ಎದುರು ಕೂತು, ನಾನೂ ಪಟ್ಟಿ ಕತ್ತರಿಸತೊಡಗಿದೆ.