ಗೋಡೆಯ ತೇವಕ್ಕೊಬ್ಬ ಸಾಕ್ಷಿ

ಗಂಗಾವತಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಾಲೀಕರು ಮೇಲಿನ ಮಹಡಿಯಲ್ಲೇ ಇದ್ದರು. ಮಲಗುವ ಕೋಣೆಯ ಗೋಡೆ ಒದ್ದೆಯಾಗುತ್ತಿದೆ ಎಂದು ಮೊದಲ ಸಲ ಹೇಳಿದಾಗ ಅವರು ಕೆಳಗಿಳಿದು ಬಂದು ನೋಡಲಿಲ್ಲ. ಮೆಟ್ಟಿಲ ಮೇಲೆ ನಿಂತೇ, ಒಳಗೆ ಬಟ್ಟೆ ಒಣಗಿಸುತ್ತೀರಾ ಎಂದು ಕೇಳಿದರು. ಇಲ್ಲ ಎಂದೆ. ಎರಡನೇ ಸಲ ಹೋದಾಗ ಬೇರೆ ಪ್ರಶ್ನೆ ಕೇಳಲಿಲ್ಲ, ತೀರ್ಪನ್ನೇ ಹೇಳಿದರು.

"ನಿಮ್ಮ ಮಂದಿ ಕಿಟಕಿಗೆ ಪರದೆ ಬಿಟ್ಕೊಂಡು ಕುಂದ್ರತೀರಿ. ಗಾಳಿ ಎಲ್ಲಿಂದ ಬರಬೇಕ್ರಿ?"

ನಮ್ಮ ಮನೆಮಾತು ದಖನಿ ಉರ್ದು. ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. 'ನಿಮ್ಮ ಮಂದಿ' ಎಂಬ ಎರಡು ಪದಗಳೊಳಗೆ ಏನೇನಿರುತ್ತದೆ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅಂದಿನಿಂದ ಅವರಿಗೆ ನಮಸ್ಕಾರ ಹೇಳುವುದನ್ನು ಬಿಟ್ಟೆ.

ಕಿಟಕಿ ಮುಚ್ಚುತ್ತಿದ್ದದ್ದು ನಿಜ. ಮನೆಯ ಹಿಂದೆ ಅಕ್ಕಿ ಗಿರಣಿ. ಹೊಟ್ಟು ಸುಟ್ಟ ಬೂದಿ ಹಾರಿ ಬಂದು ಹಾಸಿಗೆ, ಅನ್ನದ ತಾಟು, ಎಲ್ಲದರ ಮೇಲೂ ಕೂರುತ್ತಿತ್ತು. ಆರು ವರ್ಷದ ಮಗಳಿಗೆ ಉಬ್ಬಸ. ಆದರೆ ಗೋಡೆಯ ತೇವ ನೆಲದಿಂದ ಮೇಲಕ್ಕೇರುತ್ತಿತ್ತು. ಮೊಣಕಾಲೆತ್ತರಕ್ಕೆ ಸುಣ್ಣ ಹಪ್ಪಳದಂತೆ ಎದ್ದಿತ್ತು. ಒಂದು ದಿನ ಅಲಮಾರು ಸರಿಸಿದರೆ ಅದರ ಬೆನ್ನಿಗೆಲ್ಲ ಕಪ್ಪು ಬೂಷ್ಟು ಹಿಡಿದಿತ್ತು. ಮಗಳ ಬಟ್ಟೆಗಳನ್ನು ಅದೇ ಅಲಮಾರಿನಲ್ಲಿ ಇಡುತ್ತಿದ್ದೆ.

ಇಬ್ಬರು ಗೌಂಡಿಗಳಿಗೆ ತೋರಿಸಿದೆ. ಆ ಮನೆಯನ್ನು ಕಟ್ಟಿದ್ದ ಗೌಂಡಿ, ಇದು ನಿಮ್ಮ ಅಡಿಗೆಯ ಉಗಿ ಎಂದ. ಎರಡನೆಯವನು ನನ್ನ ಗಂಡನ ಗೆಳೆಯ. ಮಹಡಿ ಹತ್ತದೆಯೇ, ಮೇಲಿನ ಬಚ್ಚಲು ಸೋರುತ್ತಿದೆ ಎಂದು ಆಣೆ ಮಾಡಿದ. ಯಾರ ಕಡೆಯವರೂ ಅಲ್ಲದವರು ಬೇಕಾಗಿತ್ತು. ಕೊಪ್ಪಳದಲ್ಲಿ ನಿವೃತ್ತ ಎಂಜಿನಿಯರ್ ಒಬ್ಬರಿದ್ದಾರೆ, ಇಂಥ ಗೋಡೆಗಳನ್ನು ಪರೀಕ್ಷಿಸಿ ವರದಿ ಬರೆದುಕೊಡುತ್ತಾರೆ ಎಂದು ಶಾಲೆಯಲ್ಲಿ ಯಾರೋ ಹೇಳಿದರು. ಹತ್ತಿರದ ಸಿದ್ದಾಪುರದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ನನ್ನ ಗಂಡ, ಗೋಡೆ ನೋಡಲು ಕೊಪ್ಪಳದಿಂದ ಮನುಷ್ಯನನ್ನು ಕರೆಸುತ್ತಾರೇನೆ ಎಂದು ನಕ್ಕರು. ನನಗೆ ನಗು ಬರಲಿಲ್ಲ. ಗೋಡೆ ಒಣಗುವುದಕ್ಕಿಂತ ಮೇಲಿನವರ ಬಾಯಿ ಒಣಗುವುದು ನನಗೆ ಮುಖ್ಯವಾಗಿತ್ತು.

ಎಂಜಿನಿಯರ್ ಒಂದು ಭಾನುವಾರ ಬಂದರು. ಚಹಾ ಬೇಡವೆಂದರು. ತೇವ ಅಳೆಯುವ ಎರಡು ಮುಳ್ಳಿನ ಸಣ್ಣ ಯಂತ್ರವನ್ನು ಗೋಡೆಗೆ ಚುಚ್ಚುತ್ತ, ನೆಲದಿಂದ ಸೂರಿನವರೆಗೆ ಪೆನ್ಸಿಲಿನಿಂದ ಗುರುತು ಹಾಕಿದರು. ನಾನು ಹೇಳತೊಡಗಿದ ಕಥೆಯನ್ನು ಅರ್ಧಕ್ಕೇ ತಡೆದು, "ನಾ ನಿಮ್ಮ ಕಡೆಯವನೂ ಅಲ್ರಿ," ಎಂದರು. ಆಮೇಲೆ ಮೇಲೆ ಹೋದರು. ತಮ್ಮ ಬಚ್ಚಲಿನ ಬಗ್ಗೆ ಮಾಲೀಕರಿಗೆ ಎಷ್ಟು ಭರವಸೆಯಿತ್ತೆಂದರೆ ತಾವೇ ಬಾಗಿಲು ತೆಗೆದರು. ಎಂಜಿನಿಯರ್ ಅಲ್ಲಿ ಹಸಿರು ಬಣ್ಣದ ನೀರು ಹೊಯ್ದು, ಕೆಳಗೆ ಬಂದು ಬ್ಯಾಟರಿ ಹಿಡಿದು ಒಂದು ಗಂಟೆ ಕೂತರು. ಒಂದು ಹನಿಯೂ ಇಳಿಯಲಿಲ್ಲ. ಮೆಟ್ಟಿಲ ಮೇಲಿಂದ ಮಾಲೀಕರು, ಈಗ ಆಯಿತಲ್ಲ ಎಂದು ನನ್ನನ್ನು ನೋಡಿ ಹೇಳಿದರು.

ಎಂಜಿನಿಯರ್ ಹೊರಗೆ ನಡೆದರು. ನಮ್ಮ ಗೋಡೆಗೆ ಹತ್ತಿದಂತೆ, ಅಳಿಯನ ಕಾರು ನಿಲ್ಲಿಸಲೆಂದು ಮಾಲೀಕರು ಕಾಂಕ್ರೀಟು ಹಾಕಿಸಿದ್ದರು. ಅದರ ಅಂಚನ್ನು ಉಳಿಯಿಂದ ಕೆತ್ತಿ ಟೇಪು ಹಿಡಿದರು. ಕಾಂಕ್ರೀಟು ನಮ್ಮ ಒಳಗಿನ ನೆಲಕ್ಕಿಂತ ಗೇಣು ಮೇಲಿತ್ತು. ಇಳಿಜಾರು ನಮ್ಮ ಕಡೆಗೇ ಇತ್ತು. ಮಳೆ ನೀರು, ಕಾರು ತೊಳೆದ ನೀರು, ಎಲ್ಲವೂ ಗೋಡೆಯ ಬುಡಕ್ಕೆ ಇಂಗುತ್ತಿತ್ತು.

"ಇದನ್ನ ಒಡದು ಇಳಸಬೇಕ್ರಿ," ಎಂದರು ಮಾಲೀಕರಿಗೆ.

"ನೀವು ಇವರ ಪೈಕಿಯವರೇನ್ರಿ?"

ಎಂಜಿನಿಯರ್ ಟೇಪು ಸುತ್ತುತ್ತ ಒಂದೇ ಪ್ರಶ್ನೆ ಕೇಳಿದರು. "ಈ ಕಾಂಕ್ರೀಟು ಅವರು ಹಾಕಿಸ್ಯಾರೋ, ನೀವೋ?"

ಅಂದು ರಾತ್ರಿ ನಾನು ಹಬ್ಬದಡಿಗೆ ಮಾಡಿದೆ.

ವಾರದ ನಂತರ ವರದಿ ಬಂತು. ಮೂರು ಪುಟ. ಮೊದಲೆರಡನ್ನು ಓದಿ ಹಿಗ್ಗಿದೆ. ಮೂರನೆಯದರಲ್ಲಿ ಹೀಗಿತ್ತು: ಬಾಡಿಗೆದಾರರು ಕಿಟಕಿಗಳನ್ನು ಮುಚ್ಚಿಡುತ್ತಾರೆ, ಅಲಮಾರನ್ನು ಗೋಡೆಗೆ ಹತ್ತಿಸಿಟ್ಟಿದ್ದಾರೆ, ಇದರಿಂದ ಬೂಷ್ಟು ಹೆಚ್ಚಾಗಿದೆ. ತಕ್ಷಣ ಫೋನು ಮಾಡಿದೆ. ಆ ಸಾಲು ತೆಗೆಯಿರಿ, ಮೇಲಿನವರಿಗೆ ಅದೊಂದೇ ಸಾಕು ಎಂದೆ. ತೆಗೆಯುವುದಿಲ್ಲ ಎಂದರು. ಹಾಗಾದರೆ ಬೂದಿಯ ಕಾರಣವನ್ನಾದರೂ ಸೇರಿಸಿ ಎಂದೆ.

"ನಾ ಬಂದ ದಿನ ಗಿರಣಿ ಬಂದ್ ಇತ್ತು. ನೋಡಿದ್ದಷ್ಟ ಬರೀತೀನ್ರಿ."

ನಾನೇ ಕರೆಸಿದ ಮನುಷ್ಯನನ್ನು ಅಷ್ಟು ದ್ವೇಷಿಸಬಲ್ಲೆ ಎಂದು ನನಗೆ ಗೊತ್ತಿರಲಿಲ್ಲ.

ವರದಿಯ ಒಂದು ಪ್ರತಿ ಮೇಲಿನವರಿಗೂ ಹೋಗಿತ್ತು. ನಾನು ಹೇಳಿದ್ದೇ ಆಯಿತು. ಮಾಲೀಕರು ಎರಡು ಪುಟ ಬಿಟ್ಟು ಆ ಸಾಲೊಂದನ್ನೇ ಬಾಯಿಪಾಠ ಮಾಡಿಕೊಂಡು ಹಾಲಿನವನಿಗೆ, ಎದುರು ಮನೆಯವರಿಗೆ ಒಪ್ಪಿಸಿದರು. ಕಾಂಕ್ರೀಟಿಗೆ ಕೈ ಹಚ್ಚಲಿಲ್ಲ. ತಿಂಗಳಾಗುವಷ್ಟರಲ್ಲಿ, ತಮ್ಮ ಮಗಳು ಇಲ್ಲಿಗೆ ಬಂದು ಇರುತ್ತಾಳೆ, ಮನೆ ಬಿಡಿ ಎಂದರು. ಅದು ಸುಳ್ಳು. ನಾವಿನ್ನೂ ಸಾಮಾನು ಕಟ್ಟುತ್ತಿದ್ದಾಗಲೇ ಮನೆ ನೋಡಲು ಜನ ಬರತೊಡಗಿದರು. ಯಲಬುರ್ಗಾ ಕಡೆಯ ಗಂಡ ಹೆಂಡತಿ ಬಂದ ಹೊತ್ತಿಗೆ ಮಾಲೀಕರು ಗೋಡೆಗೆ ಬಣ್ಣ ಬಳಿಸಿಯಾಗಿತ್ತು. ಹೆಂಡತಿಯ ಹೆಗಲ ಮೇಲೆ ಕೂಸು. ಮನೆ ಹೇಗಿದೆ ಎಂದು ಆಕೆ ಕೇಳಿದ್ದು ನನ್ನನ್ನು. ಬಾಗಿಲಲ್ಲೇ ಮಾಲೀಕರು ನಿಂತಿದ್ದರು.

ವರದಿ ತರಲು ಒಳಗೆ ಹೋದೆ. ಮೂರನೆಯ ಪುಟ ಕಿತ್ತಿಟ್ಟುಕೊಳ್ಳೋಣ ಅನಿಸಿತು. ಕೈ ಅದರ ಮೇಲೆಯೇ ಇತ್ತು. ಆಮೇಲೆ ಮೂರನ್ನೂ ತಂದು ಆಕೆಯ ಕೈಗಿಟ್ಟೆ.

"ಓದ್ರಿ. ನನ್ನ ತಪ್ಪೂ ಅದರಾಗ ಐತಿ."

ಮಾಲೀಕರು ಬಾಯಿಗೆ ಬಂದಂತೆ ಬೈದರು. ನನ್ನ ಮನೆಯಲ್ಲಿ ನಿಂತು ನನ್ನ ಮನೆಯನ್ನೇ ಹಾಳುಮಾಡುತ್ತೀಯಾ ಎಂದರು. ನಾನೂ ಬಿಡಲಿಲ್ಲ. ತರಗತಿಯಲ್ಲಿ ಎಂದೂ ಬಳಸದ ಪದಗಳನ್ನು ಅಂದು ಬಳಸಿದೆ. ಆ ಗದ್ದಲದ ನಡುವೆಯೇ ಗಂಡ ಹೆಂಡತಿ ನಿಂತುಕೊಂಡು ಮೂರೂ ಪುಟ ಓದಿದರು. ಆಕೆ ಕಾಗದಗಳನ್ನು ಮಡಚಿ ವಾಪಸು ಕೊಟ್ಟು, ಬಹಳ ಮರ್ಯಾದೆಯಿಂದ ಹೇಳಿದಳು.

"ಇರ್ಲಿ ಬಿಡ್ರಿ ಅಕ್ಕಾರ. ನಾವು ಕಿಟಕಿ ತಗದ ಇರ್ತೀವಿ."

ಅವರೇ ಮನೆ ಹಿಡಿದರು.

ಈಗ ನಾವು ಗಿರಣಿಗಳಿಂದ ದೂರ, ಮೂರನೆಯ ಅಂತಸ್ತಿನ ಎರಡು ಕೋಣೆಗಳಲ್ಲಿದ್ದೇವೆ. ಇಲ್ಲಿನ ಗೋಡೆಗಳಿಗೆ ತೇವವಿಲ್ಲ. ಮಗಳ ಉಬ್ಬಸ ಇಳಿದಿದೆ, ಪೂರ್ತಿ ಹೋಗಿಲ್ಲ. ಶಾಲೆಗೆ ಹೋಗಲು ಹಳೆಯ ಓಣಿಯೇ ಹತ್ತಿರ, ಆದರೂ ಸುತ್ತು ಹಾಕಿಕೊಂಡು ಹೋಗುತ್ತೇನೆ. ಮಾಲೀಕರನ್ನು ಎದುರಿಸಲಾರೆ ಎಂದಲ್ಲ. ಕಿಟಕಿ ತೆಗೆದಿರುತ್ತೇವೆ ಎಂದ ಆ ಕೂಸಿನ ತಾಯಿ ಸಿಕ್ಕರೆ ನಕ್ಕು ಮಾತಾಡಿಸಬೇಕಾಗುತ್ತದೆ, ಅದು ನನ್ನಿಂದಾಗದು.