ಮಧ್ಯಾಹ್ನ ಮಲಗಿ ಹೋಗುವ ಮೇಸ್ತ್ರಿ

ಮೇಸ್ತ್ರಿ ಬುಅಜ್ಜಾ ಮೊದಲ ಸಲ ಮನೆಗೆ ಬಂದಾಗ ಝುಹೈರ್ ಅವನನ್ನು ತಂಗಿಗೆ ಗೊತ್ತಾದ ಗಂಡಿನ ಸೋದರಮಾವ ಅಂದುಕೊಂಡ. ಆ ವಾರ ಗಂಡಿನ ಕಡೆಯವರು ಯಾರೋ ಬರುವುದಿತ್ತು. ಬಂದವನು ಮಡಿ ಮಾಡಿದ ಬಿಳಿ ನಿಲುವಂಗಿ ತೊಟ್ಟಿದ್ದ. ಬಾಗಿಲಲ್ಲೇ ನಿಂತು ಮನೆಯನ್ನು ಮೇಲಿಂದ ಕೆಳಗೆ ಅಳೆಯುವವನಂತೆ ನೋಡಿದ. ಹಾಗೆ ನೋಡುವವರು ಗಂಡಿನ ಮಾವಂದಿರೇ ಎಂದು ಝುಹೈರ್ ನಂಬಿದ್ದ. ಬಸ್ ಕಂಪನಿಯ ಟಿಕೆಟ್ ಕಿಂಡಿಯ ಹಿಂದೆ ಕೂತು ಮುಖ ನೋಡಿಯೇ ಮನುಷ್ಯರನ್ನು ಅಳೆಯಬಲ್ಲೆನೆಂಬ ಜಂಬ ಬೇರೆ. ಪುದೀನ ಚಹಾ ತಂದಿಟ್ಟ, ಬಾದಾಮಿ ಕಡುಬು ತಂದಿಟ್ಟ. ತಂಗಿ ಇಕ್ರಾಮ್ ಎಂಥ ಅಡಿಗೆ ಮಾಡುತ್ತಾಳೆ, ಎಷ್ಟು ಕಡಿಮೆ ಮಾತಾಡುತ್ತಾಳೆ ಎಂದು ವರ್ಣಿಸಿದ. ಎರಡೂ ಶುದ್ಧ ಸುಳ್ಳು. ಬುಅಜ್ಜಾ ತಲೆಯಾಡಿಸುತ್ತಲೇ ತಟ್ಟೆ ಖಾಲಿ ಮಾಡಿ, ಬೆರಳು ನೆಕ್ಕಿ, “ಹುಡುಗಿ ಒಳ್ಳೇವಳೇ ಅನ್ಸುತ್ತಪ್ಪ. ಗೋಡೆ ಮಾತ್ರ ವಾಲಿದೆ,” ಎಂದ.

ಮರೆಯಲ್ಲಿ ನಿಂತಿದ್ದ ಇಕ್ರಾಮ್ ನಕ್ಕ ಸದ್ದು ಮೂರನೇ ಮನೆಗೂ ಕೇಳಿಸಿತು. ಅಂದಿನಿಂದ ಅಣ್ಣ ಏನು ಬುದ್ಧಿ ಹೇಳಲು ಹೋದರೂ ಅವಳದು ಒಂದೇ ಉತ್ತರ: “ನೀನು ಸುಮ್ನಿರಣ್ಣ, ನನ್ನನ್ನ ಮೇಸ್ತ್ರಿಗೆ ಕೊಡೋಕೆ ಹೊರಟಿದ್ದೋನು.”

ಬುಅಜ್ಜಾನನ್ನು ಕರೆಸಿದ್ದು ತಾಯಿ ಲಲ್ಲಾ ಬತೂಲ್. ಫೆಸ್ ನಗರದ ಹಳೇ ಪೇಟೆಯ ಆ ಓಣಿಯಲ್ಲಿ ಮನೆಗಳು ಒಂದರ ಹೆಗಲಿಗೊಂದು ತಲೆಯಿಟ್ಟು ತೂಕಡಿಸುತ್ತವೆ. ಬಿರುಕಿಲ್ಲದ ಗೋಡೆಯೇ ಇಲ್ಲ. ಆದರೆ ಇವರ ಬಿರುಕು ಅಂಗಳದ ಮೇಲೆ ಚಾಚಿದ ಮಹಡಿಯ ಮೊಗಸಾಲೆಯನ್ನು ಹೊತ್ತ ಗೋಡೆಯಲ್ಲೇ ಇಳಿದಿತ್ತು. ಅದಕ್ಕೆ ಝುಹೈರ್ ಕಂಡುಹಿಡಿದಿದ್ದ ಪರಿಹಾರ, ಬಸ್ ಕಂಪನಿಯ ಕ್ಯಾಲೆಂಡರನ್ನು ಅದರ ಮೇಲೆ ತೂಗುಹಾಕುವುದು. ಬಿರುಕು ಕ್ಯಾಲೆಂಡರಿನ ಕೆಳಗಿನಿಂದ ಇಣುಕಿತು. ರಂಜಾನ್ ಹಬ್ಬ ಕಳೆದ ಮೇಲೆ ಇಕ್ರಾಮಳ ಮದುವೆ. ಲಲ್ಲಾ ಬತೂಲ್ ಮದುವೆಯಾಗಿದ್ದು ಇದೇ ಅಂಗಳದಲ್ಲಿ, ಇದೇ ಕಿತ್ತಳೆ ಗಿಡದ ಪಕ್ಕದಲ್ಲಿ. ಮೊಗಸಾಲೆಯ ತುಂಬ ಹೆಂಗಸರು ನಿಂತು ಹಾಡಿದ್ದರು. ಮಗಳನ್ನೂ ಇಲ್ಲಿಂದಲೇ ಕಳಿಸಬೇಕು. ಬಾಡಿಗೆ ಹಾಲ್ ಎಂಬ ಮಾತೆತ್ತಿದರೆ ಅವಳಿಗೆ ಕಿವಿ ಕೇಳುತ್ತಿರಲಿಲ್ಲ.

ಬುಅಜ್ಜಾ ಗೋಡೆ ಬಡಿಯಲಿಲ್ಲ, ಕೆರೆಯಲಿಲ್ಲ. ಊಟವಾದ ಮೇಲೆ ಅಂಗಳದ ತಣ್ಣನೆ ನೆಲದ ಮೇಲೆ ಟೊಪ್ಪಿಗೆ ತಲೆಯಡಿಗಿಟ್ಟುಕೊಂಡು ಮಲಗಿದ. ಹುಡುಗನಾಗಿದ್ದಾಗ ಕತ್ತೆಯ ಮೇಲೆ ಸುಣ್ಣ ಹೇರಿಕೊಂಡು ಬರುತ್ತಿದ್ದವನು, ನಿದ್ದೆ ತಡೆಯದೆ ಕಂಡವರ ಅಂಗಳದಲ್ಲಿ ಬಿದ್ದುಕೊಳ್ಳುತ್ತಿದ್ದನಂತೆ. ಮನೆಗಳ ಪರಿಚಯವಾದದ್ದೇ ಹಾಗೆ. ಬಿಸಿಲೇರಿದಾಗ ದೇವದಾರು ತೊಲೆಗಳು ಮೈ ಮುರಿಯುತ್ತವೆ, ಇಳಿಹೊತ್ತಿಗೆ ಮುದುಡಿಕೊಳ್ಳುತ್ತವೆ, ಆಗ ಮನೆ ತನ್ನ ನೋವು ಹೇಳಿಕೊಳ್ಳುತ್ತದೆ ಎಂಬುದು ಅವನ ನಂಬಿಕೆ. ಮೂರು ಮನೆಗಳ ವಿಷಯದಲ್ಲಿ ತನ್ನ ಕಿವಿ ಮೋಸ ಹೋಗಿದೆ ಎಂಬುದನ್ನೂ ತಾನಾಗಿಯೇ ಹೇಳಿದ.

ರಜೆಯ ದಿನ ಝುಹೈರನೂ ಪಕ್ಕದಲ್ಲಿ ಮಲಗಿ ನೋಡಿದ. ಮೊದಲು ಕೇಳಿಸಿದ್ದು ಬುಅಜ್ಜಾನ ಗೊರಕೆ. ಆಮೇಲೆ ಪಾರಿವಾಳದ ರೆಕ್ಕೆ, ಕಾರಂಜಿಯ ತೊಟ್ಟು, ಎಲ್ಲೋ ತಾಮ್ರ ಬಡಿಯುವ ಸದ್ದು. ಮೇಲಿನ ಆಕಾಶದ ಚೌಕ ನಿಧಾನಕ್ಕೆ ಕೆಳಗಿಳಿದು ಅವನ ಎದೆಯ ಮೇಲೆ ಹಾಸಿಕೊಂಡಿತು. ಗೋಡೆಗಳು ಉಸಿರೆಳೆದುಕೊಂಡವು, ಕಿತ್ತಳೆ ಹೂವಿನ ಪರಿಮಳವೇ ಮನೆಯನ್ನು ಎತ್ತಿ ಹಿಡಿದಂತಿತ್ತು. ಮನೆ ಮಂಡಿಯೂರಿದ ಒಂಟೆಯಂತೆ ಮೆಲ್ಲಗೆ ಎದ್ದು ಹೊರಟಿತು. ಮೇಲೆ ಅಮ್ಮ ಮದುವಣಗಿತ್ತಿಯ ಉಡುಪಿನಲ್ಲಿ ಕೂತಿದ್ದಳು. ಝುಹೈರ್ ಟಿಕೆಟ್ ಕೇಳಲು ಬಾಯಿ ತೆರೆದ. ಎಲ್ಲೋ ಒಳಗೆ ಟಕ್ ಎಂದಿತು. ಕಣ್ಣು ಬಿಟ್ಟರೆ ಬುಅಜ್ಜಾ ಆಗಲೇ ಎದ್ದು ಕೂತು ಆ ಗೋಡೆಯನ್ನೇ ನೋಡುತ್ತಿದ್ದ.

ತನ್ನದು ಬರೀ ಕಿವಿಯ ಮಾತು, ಭಾರದ ಲೆಕ್ಕ ಹಾಕುವವರನ್ನೂ ಕರೆಸಿ ಎಂದು ಅವನೇ ಹೇಳಿದ. ಹೊಸ ಪೇಟೆಯಿಂದ ಇಂಜಿನಿಯರ್ ಸುಂದುಸ್ ಬಂದಳು. ಗೋಡೆಯೊಳಗೆ ತೊಲೆಯ ತುದಿ ಕೊಳೆತಿರಬೇಕು ಎಂದಳು. ಇಬ್ಬರೂ ಬಿರುಕಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಮಾತಾಡಿ ಒಂದು ತೀರ್ಮಾನಕ್ಕೆ ಬಂದರು. ಬಿರುಕಿಗೆ ಅಡ್ಡಲಾಗಿ ಜಿಪ್ಸಮ್ಮಿನ ತೆಳು ಪಟ್ಟಿ ಹಚ್ಚುವುದು. ಅದು ಬಗ್ಗುವ ಜಾತಿಯಲ್ಲ. ಗೋಡೆ ಅಲುಗಿದರೆ ಸೀಳಿ ಸಾಕ್ಷಿ ಹೇಳುತ್ತದೆ. ರಂಜಾನ್ ತಿಂಗಳು ಹುಟ್ಟುವವರೆಗೆ ಪಟ್ಟಿ ಸೀಳದಿದ್ದರೆ ಊರೆಗಂಬ ಕೊಟ್ಟು ಮದುವೆ ಮುಗಿಸಬಹುದು. ಸೀಳಿದರೆ ಮೊಗಸಾಲೆ ಬಿಚ್ಚಲೇಬೇಕು, ಆ ವರ್ಷವೆಲ್ಲ ಕೆಲಸ.

ಆ ಓಣಿಯಲ್ಲಿ ರಂಜಾನಿಗೆ ಮುಂಚೆ ಸುಣ್ಣ ಕಾಣದ ಗೋಡೆ ಇರುವುದಿಲ್ಲ. ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸಿ ಲಲ್ಲಾ ಬತೂಲ್ ತಾನೇ ಬಳಿದಳು. ಝುಹೈರ್ ಕೆಲಸದಿಂದ ಬರುವಷ್ಟರಲ್ಲಿ ಅಂಗಳ ಬೆಳಗಿನ ಜಾವದ ಬಣ್ಣಕ್ಕೆ ತಿರುಗಿತ್ತು, ಬಿರುಕೂ ಇಲ್ಲ, ಪಟ್ಟಿಯೂ ಇಲ್ಲ. ಎಷ್ಟು ಚೆನ್ನಾಗಿ ಕಾಣುತ್ತಿದೆ ಎಂದು ಅಮ್ಮನನ್ನು ಹೊಗಳಿದ ಬುದ್ಧಿವಂತನೂ ಅವನೇ. ಸಾಕ್ಷಿಯ ನೆನಪಾದದ್ದು ಮಲಗಿದ ಮೇಲೆ.

ರಂಜಾನ್ ತಿಂಗಳು ಹುಟ್ಟುವ ಹೊತ್ತಿಗೆ, ಮಾತು ಕೊಟ್ಟಂತೆ, ಬುಅಜ್ಜಾ ಪಟ್ಟಿ ನೋಡಲು ಬಂದ. ಗೋಡೆ ನೋಡಿ ಕೋಪಿಸಿಕೊಳ್ಳಲಿಲ್ಲ. ಅಂಗೈ ಸವರಿ ಪಟ್ಟಿಯ ಉಬ್ಬು ಹುಡುಕಿ, ಒದ್ದೆ ಬಟ್ಟೆಯಿಂದ ಮಗುವಿನ ಮುಖ ಒರೆಸುವಂತೆ ಒರೆಸಿದ. ಸುಣ್ಣ ಕರಗಿ ಪಟ್ಟಿ ಬೆಳ್ಳಗೆ ಕಂಡಿತು. ಅದರ ನಡುವೆ ಕೂದಲೆಳೆಯಷ್ಟು ತೆಳ್ಳನೆಯ ನೀಲಿ ಗೆರೆ. ಎಷ್ಟು ಒರೆಸಿದರೂ ಹೋಗಲಿಲ್ಲ.

“ಬಳಿದವರ ಕೈ ಚೆನ್ನಾಗಿದೆ,” ಎಂದ ಬುಅಜ್ಜಾ. “ಒಂದು ಸಂದೂ ಬಿಟ್ಟಿಲ್ಲ.”

ಝುಹೈರನಂಥ ಝುಹೈರನಿಗೂ ಅರ್ಥವಾಯಿತು. ಸುಣ್ಣ ಸೀಳಿನೊಳಗೆ ಇಳಿದಿದೆ ಎಂದರೆ, ಬಳಿಯುವ ಮೊದಲೇ ಪಟ್ಟಿ ಸೀಳಿತ್ತು. ಅಮ್ಮ ಅದನ್ನು ನೋಡಿದ್ದಳು. ಅವನು ಕಿತ್ತಳೆ ಗಿಡದ ಕಡೆ ಮುಖ ತಿರುಗಿಸಿದ. ಇಕ್ರಾಮ್ ಬಂದು ತಾಯಿಯ ತೋಳು ಹಿಡಿದು ನಿಂತಳು.

ಲಲ್ಲಾ ಬತೂಲ್ ಮೊಗಸಾಲೆಯ ಕಡೆಗೇ ನೋಡುತ್ತಿದ್ದಳು, ಅಲ್ಲಿ ಯಾರೋ ಹಾಡುತ್ತಿರುವ ಹಾಗೆ. ಆಮೇಲೆ ನೇರವಾಗಿ ಕೇಳಿದಳು:

“ನಿಮಗೂ ಮಗಳಿದ್ದಾಳಲ್ಲ ಮೇಸ್ತ್ರಿ. ನಿಜ ಹೇಳಿ. ಇದು ನಿಮ್ಮ ಮನೆಯಾಗಿದ್ರೆ, ಅವಳ ಮದುವೆ ಇಲ್ಲಿ ಮಾಡ್ತಿದ್ರಾ?”

ಬುಅಜ್ಜಾ ಬಟ್ಟೆ ಹಿಂಡಿದ.

“ಇಲ್ಲ ಲಲ್ಲಾ. ಈ ಮನೇಲಿ ನಾನೊಬ್ಬ ಮಲಗಬಹುದು. ಕುಣಿಯೋಕೆ ಯಾರನ್ನೂ ಬಿಡಲ್ಲ.”