‘ಕಬ್ಬಿಣದ ಕುಣಿತ’ಕ್ಕೆ ಕಣಕಟ್ಟೆಯ ಸನ್ಮಾನ

ಹಳೇಬೀಡಿನ ಪಾತ್ರೆ ಅಂಗಡಿ ಅಜಿತಪ್ರಸಾದರ ಮಗ ಜಿನೇಂದ್ರ ಅರಸೀಕೆರೆಯ ಮದುವೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ. ಊಟಕ್ಕೆ ಕೂತವರ ಬೆನ್ನಿಗೆ ನುಡಿಸಿ ನುಡಿಸಿ ಅವನಿಗೆ ಇಡೀ ಮನುಕುಲದ ಮೇಲೇ ಬೇಸರ ಬಂದಿತ್ತು. ತೊಂಬತ್ತೆಂಟರಲ್ಲಿ ಇಬ್ಬರು ಗೆಳೆಯರನ್ನು ಸೇರಿಸಿ ‘ಜಂಕ್ಷನ್’ ಎಂಬ ರಾಕ್ ಬ್ಯಾಂಡ್ ಕಟ್ಟಿದ. ತೆಂಗಿನ ನಾರಿನ ಮಿಲ್ಲಿನ ಗರ್ಜನೆ, ರೈಲ್ವೆ ಯಾರ್ಡಿನಲ್ಲಿ ಬೋಗಿಗಳು ಗುದ್ದಿಕೊಳ್ಳುವ ಸದ್ದು, ಅಪ್ಪನ ಅಂಗಡಿಯ ಹಂಡೆಗಳ ಢಣಢಣ ಎಲ್ಲವನ್ನೂ ರೆಕಾರ್ಡ್ ಮಾಡಿ, ಗಿಟಾರು, ಕುಣಿಯುವ ತಾಳ ಸೇರಿಸಿ, ಮೇಲೆ ತಾನೇ ಕಿರುಚಿದ. ಹೀಗೆ ಹುಟ್ಟಿದ್ದು ‘ಕಬ್ಬಿಣದ ಕುಣಿತ’ ಎಂಬ ಚೊಚ್ಚಲ ಕ್ಯಾಸೆಟ್. ಅದರ ಕವರಿನ ಮೇಲೆ ಅವನು ಕಪ್ಪು ಕನ್ನಡಕ ಹಾಕಿಕೊಂಡು ಆಕಾಶ ನೋಡುತ್ತಿದ್ದ. ಆಕಾಶ ಅವನನ್ನು ನೋಡಿದ್ದಕ್ಕೆ ಪುರಾವೆಯಿಲ್ಲ.

“ಇದೇನೋ, ಹಂಡೆ ಉರುಳಿದ ಹಾಗಿದೆ?” ಎಂದರು ಅಪ್ಪ.

“ಹಂಡೇನೇ ಅಪ್ಪಾಜಿ. ಇದು ಯಂತ್ರಯುಗದ ಸಂಗೀತ.”

“ಸರಿ, ಯುಗಾದಿವರೆಗೂ ನೋಡ್ತೀನಿ. ಅಷ್ಟರೊಳಗೆ ಇದನ್ನ ಮೆಚ್ಚಿ ಒಬ್ಬೇ ಒಬ್ಬ ನಮ್ಮ ಬಾಗಿಲಿಗೆ ಬರಲಿ, ಬಾಯಿ ಮುಚ್ಕೋತೀನಿ. ಬರಲಿಲ್ವೋ, ಹಾಡೋದು ಬಿಟ್ಟು ಅಂಗಡೀಲಿ ಕೂರು.”

ಅರಸೀಕೆರೆಯಲ್ಲಿ ಕೊಂಡವರು ಮಾರನೆಯ ದಿನವೇ ಕ್ಯಾಸೆಟ್ ವಾಪಸ್ ತಂದರು. “ಟೇಪು ಸಿಕ್ಕಾಕ್ಕೊಂಡೈತೆ, ಬದಲಾಯಿಸ್ಕೊಡಿ” ಎಂದರು. ಕ್ಯಾಸೆಟ್ ಅಂಗಡಿಯವನು ಬೇರೆಯದು ಕೊಟ್ಟ. ಅದನ್ನೂ ತಂದರು. ಕೊನೆಗೆ ಅವನು ಇಡೀ ರಾಶಿಯನ್ನು ಕಣಕಟ್ಟೆಯ ಕಡೆ ಸಿಕ್ಕಿದ ಬೆಲೆಗೆ ಸುರಿದು ಕೈತೊಳೆದುಕೊಂಡ. ಗೆಳೆಯರಿಬ್ಬರೂ ಮದುವೆ ಮನೆಗಳಿಗೆ ಮರಳಿದರು. “ನಾನು ಕಾಲಕ್ಕಿಂತ ಮುಂದಿದೀನಿ” ಎಂದು ಜಿನೇಂದ್ರ ಒಬ್ಬನೇ ಕಾದ.

ಯುಗಾದಿ ಹತ್ತಿರ ಬಂದಾಗ ಕಣಕಟ್ಟೆಯ ತೆಂಗಿನ ತೋಟದ ಯಜಮಾನ ಉಗ್ರಪ್ಪ ಬಾಗಿಲಿಗೆ ಬಂದ.

“ಹಾಡೋ ಸ್ವಾಮ್ಯೋರ ಮನೆ ಇದೇಯೇನ್ರೀ? ನಮ್ ಕಡೆ ಎಲ್ಲಾ ತೋಟದಲ್ಲೂ ನಿಮ್ ಕ್ಯಾಸೆಟ್ಟೇ ಕಣ್ರೀ! ಬೆಳಗಿಂದ ಸಂಜೆಗಂಟ ಹಾಕ್ತೀವಿ. ನಾಳೆ ಬಂದು ಸನ್ಮಾನ ಮಾಡಿಸ್ಕೋಬೇಕು.”

ಅಜಿತಪ್ರಸಾದರು ಮಾತಿಗೆ ತಪ್ಪದೆ ಬಾಯಿ ಮುಚ್ಚಿಕೊಂಡರು. ಮರುದಿನ ಇಸ್ತ್ರಿ ಪಂಚೆ ಉಟ್ಟು ಮಗನ ಜೊತೆ ತಾವೂ ಬಸ್ ಹತ್ತಿದರು.

ಕಣಕಟ್ಟೆಯ ತೋಟದಲ್ಲಿ ಊರೇ ಸೇರಿತ್ತು. ಶಾಲು ಹೊದಿಸಿ, ಕೊಬ್ಬರಿ ಹಾರ ಹಾಕಿ, ಉಗ್ರಪ್ಪ ಮೈಕು ಹಿಡಿದ.

“ಪಟಾಕಿ ಹೊಡುದ್ವಿ, ತಮಟೆ ಬಡುದ್ವಿ, ಕೋತಿಗಳು ಕ್ಯಾರೇ ಅನ್ನಲಿಲ್ಲ. ಇವರ ಹಾಡು ಹಾಕಿದ್ದೇ ತಡ, ಒಂದು ಕೋತೀನೂ ಎಳನೀರು ಮುಟ್ಟಿಲ್ಲ!”

ಚಪ್ಪಾಳೆ ಬಿತ್ತು. ಜಿನೇಂದ್ರ ಕಪ್ಪು ಕನ್ನಡಕ ತೆಗೆದ.

“ಆದ್ರೆ ಸ್ವಾಮಿ, ಮಿಷನ್ ಸದ್ದು ಈಗ ಅವಕ್ಕೆ ರೂಢಿ ಆಗೋಗೈತೆ. ಸ್ಪೀಕರ್ ಮೇಲೇ ಕೂತು ಹೇನು ಹೆಕ್ತವೆ. ನಿಮ್ ಗಂಟ್ಲು ಬಂದಾಗ ಮಾತ್ರ ಈಗ್ಲೂ ಓಡ್ತವೆ. ಅದಕ್ಕೇ ಮಿಷನ್ ತೆಗುದು, ಬರೀ ಗಂಟ್ಲಲ್ಲೇ ಇನ್ನೊಂದು ಕ್ಯಾಸೆಟ್ ಮಾಡ್ಕೊಡಿ. ಈಗೊಂದ್ಸಲ ಹಾಡಿ, ನೋಡೇಬುಡಾಣ.”

“ಬೇಡ ಕಣೋ, ಬಾ ಹೋಗೋಣ” ಎಂದು ಅಪ್ಪ ಮೆಲ್ಲಗೆ ತೋಳು ಹಿಡಿದರು. “ಅಂಗಡಿ ಮಾತು ನಾನು ಎತ್ತಲ್ಲ.”

ಜಿನೇಂದ್ರ ಜನರ ಕಡೆ ನೋಡಿದ. ಅಷ್ಟೊಂದು ಮುಖಗಳು ತನ್ನತ್ತ ತಿರುಗಿ ಕಾದದ್ದನ್ನು ಅವನು ಹಿಂದೆಂದೂ ಕಂಡಿರಲಿಲ್ಲ. ಮೈಕು ತೆಗೆದುಕೊಂಡು, ಕಣ್ಣು ಮುಚ್ಚಿ, ಹಾಡಿದ.

ಕೋತಿಗಳ ಹಿಂಡು ಮರಿಗಳನ್ನು ಅವುಚಿಕೊಂಡು ಕೆರೆ ಏರಿಯತ್ತ ಓಡಿತು. ಶಿಳ್ಳೆ ಬಿದ್ದವು. “ಒನ್ಸ್ ಮೋರ್!” ಎಂಬ ಕೂಗೂ ಬಂತು. ಜಿನೇಂದ್ರ ಎದೆಯ ಮೇಲೆ ಕೈಯಿಟ್ಟು ಬಾಗಿದ.

“ಅಪ್ಪಾಜಿ, ಒಂದಾದರೂ ಕೂತು ಕೇಳ್ತಾ ಇದೆ, ನೋಡಿ” ಎಂದು ಮರದ ತುದಿ ತೋರಿಸಿದ. ಅಲ್ಲಿ ಒಂದು ಮುದಿ ಕೋತಿ ನೆಮ್ಮದಿಯಾಗಿ ಕೂತಿತ್ತು.

“ಅದಾ?” ಎಂದ ಉಗ್ರಪ್ಪ. “ಅದು ಕಿವುಡು ಬುಡಿ ಸ್ವಾಮಿ.”